ಅಜ್ಜನನ್ನು ಬದಲಿಸಿಕೊಂಡ ಮುನ್ಯೋ

ಪೆನ್ಯಾಸೇಕದ ಕಲ್ಲುಕುಟಿಗ ಮುನ್ಯೋಗೆ ಸಿಂಹ ಕೆತ್ತಲು ಬರುತ್ತಿರಲಿಲ್ಲ. ಊರಿನವರು ಆಡಿಕೊಳ್ಳುವ ಮೊದಲೇ ಅವನೇ ಅದನ್ನು ಆಡಿಕೊಂಡು ಮುಗಿಸಿರುತ್ತಿದ್ದ. "ನಾನು ಸಿಂಹ ಅಂತ ಶುರು ಮಾಡ್ತೀನಿ, ಕಲ್ಲು ಅದನ್ನ ಕುರಿ ಮಾಡಿ ಮುಗಿಸುತ್ತೆ. ಕಲ್ಲಿನ ಹಠದ ಮುಂದೆ ನಂದೇನು ನಡೆಯುತ್ತೆ?" ಎನ್ನುತ್ತಿದ್ದ.

ಸಿಂಹ ಕೆತ್ತಬೇಕಾಗಿ ಬಂದದ್ದು ರಾಜರ ಮದುವೆಯ ದೆಸೆಯಿಂದ. ಪೆನ್ಯಾಸೇಕ ಲೆಯೋನ್ ಮತ್ತು ಕಾಸ್ತಿಯಾ ರಾಜ್ಯಗಳ ನಡುವಿನ ಗೋಧಿ ಬಯಲಲ್ಲಿತ್ತು. ಎರಡೂ ಕಡೆಯ ದಂಡು ಸರದಿಯಂತೆ ಬಂದು ಊರಿನ ಕೋಳಿಗಳನ್ನು ತಿಂದು ಹೋಗುತ್ತಿತ್ತು. ಕೊನೆಗೆ ಬಡಿದಾಟ ಸಾಕಾಗಿ ಲೆಯೋನಿನ ರಾಜ ಕಾಸ್ತಿಯಾದ ರಾಜನ ಮಗಳನ್ನು ಮದುವೆಯಾದ. ಮದುಮಗಳಿಗೆ ಕನ್ಯಾಶುಲ್ಕವಾಗಿ ಕೊಟ್ಟ ಊರುಗಳಲ್ಲಿ ಪೆನ್ಯಾಸೇಕವೂ ಒಂದಾಯಿತು. ಊರಬಾಗಿಲ ಮೇಲೆ ಲೆಯೋನಿನ ಸಿಂಹ, ಕಾಸ್ತಿಯಾದ ಕೋಟೆ ಎರಡನ್ನೂ ಅಕ್ಕಪಕ್ಕ ಕೆತ್ತಬೇಕೆಂದು ಅಪ್ಪಣೆ ಬಂತು. ಕೈಪಳಗಿದ ಕುಟಿಗರೆಲ್ಲ ಸಮೋರಾದ ದೊಡ್ಡ ಇಗರ್ಜಿಯ ಕೆಲಸಕ್ಕೆ ಹೋಗಿದ್ದರು. ಉಳಿದವನು ಮುನ್ಯೋ ಒಬ್ಬನೇ. ಆಗ ಮೀಸೆ ಚಿಗುರಿದ ಹುಡುಗ. ಅಲ್ಲಿಯವರೆಗೆ ಅವನು ಮಾಡಿದ್ದೆಂದರೆ ದನಗಳ ನೀರಿನ ತೊಟ್ಟಿ ಮತ್ತು ಕಿಟಕಿಯ ಚೌಕಟ್ಟು.

ಕೋಟೆ ಚೆನ್ನಾಗಿಯೇ ಬಂತು. ನೇರ ಗೆರೆ, ಮೂರು ಬುರುಜು, ನಡುವೆ ಬಾಗಿಲು. ಸಿಂಹವನ್ನು ಮಾತ್ರ ಊರಲ್ಲಿ ಕಂಡವರೇ ಇರಲಿಲ್ಲ. ಕತ್ತಿನ ಸುತ್ತ ಕೂದಲು ಇರುತ್ತದೆ ಎಂದು ಪಾದ್ರಿ ಹೇಳಿದರು. ನಾಲಿಗೆ ಹೊರಗೆ ಚಾಚಿರುತ್ತದೆ ಎಂದು ಉಪ್ಪಿನ ವ್ಯಾಪಾರಿಯೊಬ್ಬ ಹೇಳಿದ. ಕತ್ತಿನ ಸುತ್ತ ಕೂದಲಿದ್ದು, ಬಿಸಿಲಿಗೆ ನಾಲಿಗೆ ಚಾಚಿಕೊಂಡು ಮುನ್ಯೋನ ಕಣ್ಣಿಗೆ ದಿನಾ ಬೀಳುತ್ತಿದ್ದ ಪ್ರಾಣಿ ಎಂದರೆ ಪಕ್ಕದ ಮನೆಯ ಟಗರು.

ಕಲ್ಲನ್ನು ಬಾಗಿಲ ಮೇಲೆ ಏರಿಸಿದ ದಿನ ಊರೆಲ್ಲ ಸೇರಿ ಕತ್ತೆತ್ತಿ ನೋಡಿತು. ಊರಿನವರೆಲ್ಲ ರೊಟ್ಟಿ ಸುಡಿಸಿಕೊಳ್ಳುವ ಊರೊಲೆಯನ್ನು ನೋಡಿಕೊಳ್ಳುತ್ತಿದ್ದ ಜುಸ್ತಾಳ ಮಗಳು ಓರಿಯಾ, ತಲೆಯ ಮೇಲೆ ಹಿಟ್ಟಿನ ಹಲಗೆ ಹೊತ್ತವಳು, ಅಲ್ಲೇ ನಿಂತು ಕೇಳಿದಳು: "ಉಣ್ಣೆ ಯಾವಾಗ ಕತ್ತರಿಸ್ತೀಯೋ?"

ಮುನ್ಯೋ ಅವತ್ತೇ ಅವಳಿಗೆ ಮನಸೋತ. ತನ್ನ ಬುದ್ಧಿ ಎಂಥದೆಂದು ಆಗಲೇ ತಿಳಿಯಬೇಕಿತ್ತು ಎಂದು ಮುಂದೆ ಅವನೇ ಹೇಳಿಕೊಳ್ಳುತ್ತಿದ್ದ: ಹೊಗಳಿದವರನ್ನು ಬಿಟ್ಟು ಉಗಿದವಳ ಹಿಂದೆ ಹೋದವನು. ಹೊಗಳಿದವರು ಯಾರೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಒಲೆಯ ಹತ್ತಿರ ಅವನಿಗೆ ದಿನಾ ಏನಾದರೊಂದು ಕೆಲಸ ಹುಟ್ಟತೊಡಗಿತು. ಊರಿನ ಹೆಂಗಸರೆಲ್ಲ ಹಿಟ್ಟು ತಂದು ಕಾಯುತ್ತ ಕೂರುವ ಜಾಗ ಅದು. ರಾಜರ ಮನೆಯ ಮಾತು ಅಲ್ಲಿ ರೊಟ್ಟಿಗಿಂತ ಬೇಗ ಬೇಯುತ್ತಿತ್ತು. ಒಂದು ದಿನ ಓರಿಯಾ ಹಲಗೆಯ ಮೇಲೆ ರೊಟ್ಟಿಗಳನ್ನೇ ಜೋಡಿಸಿ ರಾಜರ ನಂಟು ಬಿಡಿಸಿ ತೋರಿಸಿದಳು.

"ನೋಡಿ, ಈ ದಪ್ಪ ರೊಟ್ಟಿ ಚಕ್ರವರ್ತಿ ಮುತ್ತಜ್ಜ. ಸಾಯೋವಾಗ ದೊಡ್ಡ ಮಗನಿಗೆ ಕಾಸ್ತಿಯಾ ಕೊಟ್ಟ, ಚಿಕ್ಕವನಿಗೆ ಲೆಯೋನ್ ಕೊಟ್ಟ. ದೊಡ್ಡವನ ಮಗ ಇವನು, ಚಿಕ್ಕವನ ಮಗ ಅವನು. ಈಗ ಅವನು ಇವನ ಮಗಳನ್ನ ಕಟ್ಟಿಕೊಂಡಿದಾನೆ."

"ಅಯ್ಯೋ, ಆ ಹುಡುಗಿಗೆ ಅವನು ಚಿಕ್ಕಪ್ಪ ಆಗಬೇಕಲ್ಲೇ!" ಎಂದಳು ಒಬ್ಬ ಮುದುಕಿ, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಳ್ಳುತ್ತ.

"ಆಗಲೇಬೇಕು. ಅದಕ್ಕೂ ಮುಂಚೆ ಪೋರ್ಚುಗಲ್ಲಿಂದ ಸೋದರಮಾವನ ಮಗಳನ್ನೇ ತಂದುಕೊಂಡಿದ್ನಲ್ಲ. ಮಕ್ಕಳೂ ಆದ್ವು. ರೋಮಿನಲ್ಲಿರೋ ಪೋಪ್ ಗುರುಗಳು ಅದು ಮದುವೆನೇ ಅಲ್ಲ ಅಂದ್ರು. ಅವಳು ತವರಿಗೆ ಹೋದಳು."

"ಮತ್ತೆ ಇದನ್ನ ಹೇಗೆ ಒಪ್ತಾರೆ?"

"ಒಪ್ಪಲ್ಲ. ಬೇಡ ಅನ್ನೋ ಓಲೆ ಬರೋವರೆಗೂ ಇವರು ಸಂಸಾರ ಮಾಡ್ತಾರೆ," ಎಂದು ಓರಿಯಾ ಚಕ್ರವರ್ತಿಯನ್ನು ಒಲೆಯೊಳಗೆ ತಳ್ಳಿದಳು.

ಆ ವರ್ಷದ ದ್ರಾಕ್ಷಿ ಕುಯಿಲು ಮುಗಿದ ಮೇಲೆ ಮುನ್ಯೋ ಪಾದ್ರಿ ದೋನ್ ಸೆಬ್ರಿಯಾನರ ಬಳಿ ಹೋಗಿ, ಓರಿಯಾಳನ್ನು ಮದುವೆಯಾಗುವೆನೆಂದು ಹೇಳಿದ. ದೋನ್ ಸೆಬ್ರಿಯಾನರು ಒಳ್ಳೆಯ ಮನುಷ್ಯ. ಬೆಳ್ಳುಳ್ಳಿ ಸಾರು, ಬಿಸಿಲು ಮತ್ತು ಊರಿನ ವಂಶಾವಳಿ ಎಂದರೆ ಅವರಿಗೆ ಪ್ರಾಣ. ಬೆರಳು ಮಡಿಸಿ ತಲೆಮಾರು ಎಣಿಸುತ್ತ ಅವನ ಕಡೆಯಿಂದ ಏರಿದರು, ಅವಳ ಕಡೆಯಿಂದ ಇಳಿದರು.

"ಆಗಲ್ಲಪ್ಪ. ನಿನ್ನ ಅಜ್ಜನ ಅಜ್ಜನ ಅಪ್ಪ, ಕುರಿಕಾಯೋ ಅನಾಯಾ. ಓರಿಯಾಗೂ ಐದು ತಲೆ ಹಿಂದೆ ಅವನೇ. ಏಳು ತಲೆಮಾರಿನೊಳಗೆ ಒಂದೇ ರಕ್ತ ಇದ್ರೆ ಮದುವೆ ಕೂಡದು."

"ಏಳು ತಲೆ ಅಂದ್ರೆ ಈ ಊರಲ್ಲಿ ನಾನು ಯಾರನ್ನ ಮದುವೆಯಾಗ್ಲಿ ಸ್ವಾಮಿ? ನಿಮ್ಮ ಹೇಸರಗತ್ತೆನಾ?"

"ಅದಕ್ಕೆ ಗಂಡು ಬೇಡವಂತೆ."

"ರಾಜ ಅಣ್ಣನ ಮಗಳನ್ನೇ ಕಟ್ಟಿಕೊಂಡಿದಾನೆ. ಅದಕ್ಕೆ ನನ್ನ ಕೈಲೇ ಕಲ್ಲು ಕೆತ್ತಿಸಿದಾರೆ!"

"ರಾಜನಿಗೆ ರೋಮಿನ ತನಕ ಹೋಗಿ ವಾದ ಮಾಡೋ ಬಿಷಪ್ಪರಿದಾರೆ. ನಿನಗೆ ಯಾರಿದಾರೆ ಮಗಾ?"

ನನಗೆ ನಾನೇ ಇದ್ದೇನೆ ಎಂದುಕೊಂಡು ಮುನ್ಯೋ ಮನೆಗೆ ಬಂದ. ಅವನ ಬಾಳಿನಲ್ಲಿ ಆದ ಎಲ್ಲ ಕೇಡಿಗೂ ಮೊದಲು ಈ ಯೋಚನೆಯೇ ಬರುತ್ತಿತ್ತು.

ನಂಟು ಬಂದಿರುವುದು ತಂದೆಯ ತಂದೆಯ ಕಡೆಯಿಂದ. ಆ ಅಜ್ಜ ತನ್ನ ಅಜ್ಜನೇ ಅಲ್ಲ ಎಂದಾಗಿಬಿಟ್ಟರೆ? ಮನೆಯಲ್ಲೊಂದು ಹಳೆಯ ಕತೆ ಇತ್ತು. ಬಹಳ ಹಿಂದೆ ಒಂದು ಚಳಿಗಾಲದಲ್ಲಿ ಕೆಂಪುಗಡ್ಡ ಎಂಬ ಹೇಸರಗತ್ತೆ ಹೊಡೆಯುವವನೊಬ್ಬ ಹಿಮದಲ್ಲಿ ಸಿಕ್ಕಿ, ಅಜ್ಜಿಯ ಮನೆಯಲ್ಲಿ ತಂಗಿದ್ದನಂತೆ. ಅಜ್ಜ ಆಗ ದಂಡಿನಲ್ಲಿದ್ದನಂತೆ. ಕತೆ ಇದ್ದದ್ದು ಇಷ್ಟೇ. ಮಿಕ್ಕದ್ದನ್ನು ಮುನ್ಯೋ ಒಂದು ಕುಡಿಕೆ ದ್ರಾಕ್ಷಾರಸದ ಸಹಾಯದಿಂದ ತಾನೇ ಹೊಂದಿಸಿಕೊಂಡ. ಅಜ್ಜಿ ತೀರಿಹೋಗಿದ್ದಳು, ಅಪ್ಪನೂ ತೀರಿಹೋಗಿದ್ದ. ಸತ್ತವರಿಗೆ ನೋವಾಗುವುದಿಲ್ಲ ಎಂದು ಧೈರ್ಯ ಮಾಡಿದ. ಬದುಕಿದ್ದ ಸೋದರತ್ತೆ ಶಿಮೇನಳ ನೆನಪು ಅವನಿಗೆ ಬರಲೇ ಇಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ, ಜನ ಎದ್ದುಹೋಗುವ ಮುಂಚೆ, ಅವನು ಪೀಠದ ಮೇಲೆ ಕೈಯಿಟ್ಟು ಗಟ್ಟಿಯಾಗಿ ಹೇಳಿದ: "ನನ್ನಪ್ಪ ನನ್ನಜ್ಜನ ಮಗ ಅಲ್ಲ. ಹಿಮಕ್ಕೆ ಸಿಕ್ಕಿಕೊಂಡು ನಮ್ಮಜ್ಜಿ ಹತ್ರ ಉಳಿದಿದ್ದ ಕೆಂಪುಗಡ್ಡನ ಮಗ. ಆಣೆ ಮಾಡಿ ಹೇಳ್ತಿದೀನಿ. ಅದಕ್ಕೇ ನನಗೂ ಕುರಿಕಾಯೋ ಅನಾಯಾಗೂ ಏನೂ ಸಂಬಂಧ ಇಲ್ಲ."

ಅಪ್ಪನ ಅಕ್ಕ ಶಿಮೇನ ಅತ್ತೆ ಮುಂದಿನ ಸಾಲಿನಿಂದ ಎದ್ದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಒಂದು ಮಾತೂ ಆಡದೆ, ಅವನ ಕಡೆ ನೋಡದೆ, ಬಾಗಿಲಿನಿಂದ ಹೊರಗೆ ನಡೆದುಬಿಟ್ಟಳು.

ಆಮೇಲೆ ಎದ್ದದ್ದು ಓರಿಯಾಳ ತಾಯಿ ಜುಸ್ತಾ. ಅವಳ ಮುಖ ಕೆಂಪಾಗಿತ್ತು.

"ಏನಂದೆ? ಕೆಂಪುಗಡ್ಡನಾ? ಕಾರ್ಬಯೋಸಿನ ಕೆಂಪುಗಡ್ಡನಾ?"

"ಹೂಂ, ಅವನೇ ಇರಬೇಕು."

"ಅವನು ನಮ್ಮಪ್ಪ ಕಣೋ, ಮೂಳ! ವೆಲಾಸ್ಕೋ! ಗಡ್ಡ ಬೆಳ್ಳಗಾದ ಮೇಲೆ ನೀನು ನೋಡಿದ್ದು!"

ಮುನ್ಯೋ ವೆಲಾಸ್ಕೋನನ್ನು ನೋಡಿದ್ದ. ಕಾರ್ಬಯೋಸಿನ ಇಗರ್ಜಿಗೆ ಗಂಟೆ ಮಾಡಿಸಿಕೊಟ್ಟಿದ್ದ ದೊಡ್ಡ ಮನುಷ್ಯ; ಬೆಳ್ಳಿಯಂಥ ಗಡ್ಡ. ಅದು ಒಂದು ಕಾಲಕ್ಕೆ ಕೆಂಪಗಿದ್ದೀತೆಂದು ಯಾರಿಗೆ ಹೊಳೆಯಬೇಕು? ದೋನ್ ಸೆಬ್ರಿಯಾನರು ಮತ್ತೆ ಬೆರಳು ಮಡಿಸತೊಡಗಿದರು. ಈ ಸಲ ಎರಡೇ ಬೆರಳು ಸಾಕಾಯಿತು.

"ಮುನ್ಯೋ, ಬೆಳಿಗ್ಗೆ ನೀವಿಬ್ಬರೂ ಐದು ತಲೆ ದೂರ ಇದ್ರಿ. ಈಗ ಅವಳು ನಿನ್ನ ಸ್ವಂತ ಸೋದರತ್ತೆಯ ಮಗಳು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಗರ್ಜಿಗೆ ಇಗರ್ಜಿಯೇ ನಕ್ಕಿತು. ನಗದಿದ್ದವಳು ಓರಿಯಾ ಒಬ್ಬಳೇ. ಹೊರಗೆ ಬಂದಾಗ ಅವಳು ಕೇಳಿದಳು: "ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಆಶ್ಚರ್ಯ ಆಗ್ಲಿ ಅಂತ..."

"ಆಯ್ತು," ಎಂದಳು ಓರಿಯಾ.

ಮರುವರ್ಷ ಅವಳನ್ನು ಸಹಾಗುನಿನಲ್ಲಿ ಕುದುರೆಯ ಜೀನು ಹೊಲಿಯುವವನೊಬ್ಬನಿಗೆ ಕೊಟ್ಟರು. ಶಿಮೇನ ಅತ್ತೆ ಗಂಟುಮೂಟೆ ಕಟ್ಟಿಕೊಂಡು ಓಲ್ಮೆದಾದಲ್ಲಿದ್ದ ಮಗಳ ಮನೆಗೆ ಹೋದವಳು ಪೆನ್ಯಾಸೇಕದ ಕಡೆ ತಿರುಗಿ ನೋಡಲಿಲ್ಲ. ಮುನ್ಯೋ ತೊಟ್ಟಿ ಕೆತ್ತಿಕೊಂಡು ಉಳಿದ. ಹೊಸಬರು ಯಾರಾದರೂ ಸಿಕ್ಕಿ "ಯಾರ ಮಗನಪ್ಪ ನೀನು?" ಎಂದು ಕೇಳಿದರೆ ಪಕ್ಕದಲ್ಲಿದ್ದವರು "ಅದನ್ನೊಂದು ಕೇಳಬೇಡಿ, ಇನ್ನೂ ಯೋಚನೆ ಮಾಡ್ತಿದಾನೆ," ಎನ್ನುವರು. ಅವರು ಮರೆತರೆ ಮುನ್ಯೋ ತಾನೇ ನೆನಪಿಸುವನು. ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ತನ್ನ ಬಾಯಲ್ಲಿ ಬಂದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಓರಿಯಾ ಹೇಳಿದ್ದಂತೆ ರಾಜರ ಆ ಮದುವೆಯೂ ಮುರಿಯಿತು. ಮಕ್ಕಳಾದವು, ರೋಮಿನಿಂದ ಬೆದರಿಕೆ ಬಂತು, ರಾಣಿ ಮಕ್ಕಳೊಂದಿಗೆ ಅಪ್ಪನ ಮನೆ ಸೇರಿದಳು. ಪೆನ್ಯಾಸೇಕಕ್ಕೆ ಲೆಯೋನಿನ ಅಧಿಕಾರಿಯೊಬ್ಬ ಬಂದು ಊರಬಾಗಿಲ ಮೇಲಿನ ಗುರುತುಗಳಲ್ಲಿ ಒಂದನ್ನು ಕೆರೆದು ಹಾಕೆಂದ. ಮುನ್ಯೋ ಸಂತೋಷದಿಂದ ಏಣಿ ಹತ್ತಿ, ಸಿಂಹದ ಮೂತಿಗೆ ಉಳಿ ಇಟ್ಟ.

"ಅದಲ್ಲವೋ! ಕೋಟೆ! ಕಾಸ್ತಿಯಾದ್ದು ತೆಗಿ!"

ತಾನು ಹುಟ್ಟಿದಾಗಿನಿಂದ ಮಾಡಿದ ಒಂದೇ ಒಂದು ಚೆಂದದ ಕೆಲಸವನ್ನು ಮುನ್ಯೋ ತನ್ನ ಕೈಯಾರೆ ಕೆರೆದು ಹಾಕಿದ. ಕೆಳಗೆ ನಿಂತ ಅಧಿಕಾರಿ ಮತ್ತೆ ಕೇಳಿದ: "ಆ ಪಕ್ಕದಲ್ಲಿರೋ ಕುರಿ ಯಾಕೆ?"

"ಅದು ನಿಮ್ಮ ರಾಜರು, ಸ್ವಾಮಿ," ಎಂದ ಮುನ್ಯೋ. ಆ ಮಾತಿಗೆ ಎರಡು ದಿನ ಕಾಲಿಗೆ ಕೊರಡು ಬಿಗಿಸಿಕೊಂಡು ಚೌಕದಲ್ಲಿ ಕೂತ.

ವರ್ಷಗಳು ಹೋದವು. ಓರಿಯಾಳ ಗಂಡ ಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ತಾಯಿಯೂ ಹೋದ ಮೇಲೆ ಊರೊಲೆ ನೋಡಿಕೊಳ್ಳಲು ಅವಳು ಪೆನ್ಯಾಸೇಕಕ್ಕೆ ಮರಳಿದಳು. ದಪ್ಪಗಾಗಿದ್ದಳು, ತೋಳಿನ ಮೇಲೆ ಸುಟ್ಟ ಗಾಯದ ಕಲೆಗಳಿದ್ದವು. ಒಲೆಯ ನೆಲಗಲ್ಲು ಬಿರಿದದ್ದನ್ನು ಸರಿಮಾಡಲು ಮುನ್ಯೋನನ್ನೇ ಕರೆಸಬೇಕಾಯಿತು.

"ಚೆನ್ನಾಗಿದೀಯಾ ಮಾವನ ಮಗನೇ?" ಎಂದಳು.

"ಹಾಗೆ ಕರೀಬೇಡವೇ."

"ನಾನೇನು ಮಾಡ್ಲಿ? ಆಣೆ ಮಾಡಿದ್ದು ನೀನು."

ಅವನು ಮೊಣಕಾಲೂರಿ ಒಲೆಯೊಳಗೆ ತಲೆ ತೂರಿಸಿದ. ಅಲ್ಲಿಂದ ಹೊರಬರಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಆ ನೆಲಗಲ್ಲು ಆಮೇಲೂ ಆಗಾಗ ಬಿರಿಯುತ್ತಿತ್ತು. ಎರಡನೆಯ ಸಲ ಬಿರಿದದ್ದು ತನ್ನಷ್ಟಕ್ಕೆ ತಾನಲ್ಲ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಹೀಗಿರುವಾಗ ಒಂದು ಭಾನುವಾರ, ಈಗ ಮುದಿಯಾಗಿ ಅರ್ಧ ಕುರುಡಾಗಿದ್ದ ದೋನ್ ಸೆಬ್ರಿಯಾನರು ಪೀಠದಿಂದ ಒಂದು ಸುದ್ದಿ ಹೇಳಿದರು. ರೋಮಿನಲ್ಲಿ ದೊಡ್ಡ ಸಭೆ ಸೇರಿ, ಮದುವೆಯ ಕಟ್ಟಳೆಯನ್ನು ಸಡಿಲಿಸಿದ್ದಾರೆ. ಇನ್ನು ಏಳು ತಲೆ ನೋಡಬೇಕಿಲ್ಲ, ನಾಲ್ಕು ನೋಡಿದರೆ ಸಾಕು. ಐದನೆಯವರು ಮದುವೆಯಾಗಬಹುದು.

ಐದು! ಮುನ್ಯೋ ಪೂಜೆಯ ನಡುವೆಯೇ ಹೆಂಗಸರ ಕಡೆ ತಿರುಗಿದ. ಓರಿಯಾ ಅವನನ್ನೇ ನೋಡುತ್ತಿದ್ದಳು. ಅವಳು ನಗುತ್ತಿರಲಿಲ್ಲ, ತಲೆ ಅಲ್ಲಾಡಿಸುತ್ತಿದ್ದಳು. ತಾನಿಟ್ಟ ಆಣೆ ಅವನಿಗೆ ನೆನಪಾಗುವುದಕ್ಕೆ ಒಂದು ಗಳಿಗೆ ಹಿಡಿಯಿತು.

"ನಿನ್ನ ನಿಜವಾದ ಅಜ್ಜನನ್ನೇ ಇಟ್ಟುಕೊಂಡಿದ್ರೆ ಈ ಭಾನುವಾರವೇ ಮದುವೆ ಮಾಡಿಬಿಡ್ತಿದ್ದೆ," ಎಂದರು ದೋನ್ ಸೆಬ್ರಿಯಾನರು, ಪೂಜೆಯ ನಂತರ. "ಈಗ ನೀನು ಕೆಂಪುಗಡ್ಡನ ಮೊಮ್ಮಗ. ಅವಳೂ ಅವನ ಮೊಮ್ಮಗಳು. ಪೋಪ್ ಗುರುಗಳು ನಾಲ್ಕನ್ನ ಒಂದಕ್ಕೆ ಇಳಿಸಿದ್ರೆ ಬಾ."

"ಅದು ಸುಳ್ಳು ಸ್ವಾಮಿ. ಬರೀ ಸುಳ್ಳು. ನಾನೇ ಕಟ್ಟಿದ್ದು."

"ಪೀಠದ ಮೇಲೆ ಕೈಯಿಟ್ಟು ಅದು ನಿಜ ಅಂತಲೂ ನೀನೇ ಹೇಳಿದೆ. ಈಗ ಸುಳ್ಳು ಅಂತಿದೀಯ. ಎರಡರಲ್ಲಿ ನಾನು ಯಾವ ಮುನ್ಯೋನ ನಂಬಲಿ? ಕಂಡವರು ಯಾರಾದ್ರೂ ಬಂದು ಹೇಳಲಿ."

ಆ ಚಳಿಗಾಲವನ್ನು ಕಂಡವರು ಭೂಮಿಯ ಮೇಲೆ ಒಬ್ಬಳೇ ಉಳಿದಿದ್ದಳು.

ಓಲ್ಮೆದಾಕ್ಕೆ ಅರ್ಧ ದಿನದ ದಾರಿ. ಮುನ್ಯೋ ಕುರಿಹಾಲನ್ನು ಗಟ್ಟಿಮಾಡಿ ಗಾಲಿಯಂತೆ ದುಂಡಗೆ ಒತ್ತಿದ ದೊಡ್ಡ ಗಿಣ್ಣೊಂದನ್ನು ಹೆಗಲಿಗೆ ಕಟ್ಟಿಕೊಂಡು ನಡೆದ. ಶಿಮೇನ ಅತ್ತೆಯ ಮನೆ ಬಾಗಿಲು ಮುಚ್ಚಿತ್ತು. ತಟ್ಟಿದ.

"ಯಾರು?"

"ನಾನು ಅತ್ತೆ, ಮುನ್ಯೋ. ನಿನ್ನ ತಮ್ಮನ ಮಗ."

ಒಳಗಿನಿಂದ ಅತ್ತೆ ತನ್ನ ಮಗಳಿಗೆ ಹೇಳುವುದು ಕೇಳಿಸಿತು: "ಹೊರಗೆ ಯಾವನೋ ಬಂದಿದಾನೆ. ಮೊದಲು ತಾನು ಯಾರ ಮೊಮ್ಮಗ ಅಂತ ನಿರ್ಧಾರ ಮಾಡಿಕೊಂಡು ಬರಲಿ ಅನ್ನು."

"ನಿರ್ಧಾರ ಆಗಿದೆ ಅತ್ತೆ!"

"ಈ ಸಲ ಯಾರಂತೆ? ಕಾಸ್ತಿಯಾದ ರಾಜನೋ?"

ಗಿಣ್ಣನ್ನು ಮಗಳು ಬಂದು ಒಳಗೆ ಒಯ್ದಳು. ಅವನನ್ನು ಒಳಗೆ ಬಿಡಲಿಲ್ಲ. ಮುನ್ಯೋ ಮೆಟ್ಟಿಲ ಮೇಲೆ ಕೂತ. ತನ್ನ ಜೀವಮಾನದಲ್ಲಿ ತನ್ನನ್ನು ಆಡಿಕೊಳ್ಳುವ ಮಾತುಗಳಿಗೆ ಬರವಿರಲಿಲ್ಲ. ಎಲ್ಲ ನಾಲಿಗೆಯ ತುದಿಯಲ್ಲಿದ್ದವು. ಆದರೆ ಆ ಮುಚ್ಚಿದ ಬಾಗಿಲ ಮುಂದೆ ಒಂದೂ ನಗೆ ಬರಿಸಲಿಲ್ಲ. ಇಷ್ಟು ವರ್ಷ ತಾನು ತನ್ನ ಬಗ್ಗೆ ನಗುತ್ತಿದ್ದೇನೆಂದುಕೊಂಡಾಗಲೆಲ್ಲ ಊರು ನಗುತ್ತಿದ್ದದ್ದು ಅಜ್ಜಿಯನ್ನು ನೋಡಿ ಎಂಬುದು ಅವನಿಗೆ ಹೊಳೆದದ್ದು ಅಲ್ಲಿ.

ಸಂಜೆ ಅತ್ತೆ ಕೋಲೂರಿಕೊಂಡು ಹೊರಗೆ ಬಂದಳು. ಕುಗ್ಗಿ ಗುಬ್ಬಿಯಂತಾಗಿದ್ದಳು.

"ಕೆತ್ತೋದು ಕಲಿತೆಯಾ, ಇಲ್ಲ ಇನ್ನೂ ಕುರಿ ಸಾಕ್ತಿದೀಯಾ?"

"ಮುಖ ಬರಲ್ಲ ಅತ್ತೆ. ಗೋಡೆ ಬರುತ್ತೆ."

"ನಮ್ಮವ್ವನ್ನ ಕೆತ್ತಿಕೊಡು. ಈ ಬಾಗಿಲ ಮೇಲೆ."

"ನಾನು ಕೆತ್ತಿದ್ರೆ ಮತ್ತೆ ಅವಮಾನ ಆಗುತ್ತೆ. ಮನೆ ಕೆತ್ತಲಾ? ನಮ್ಮ ಹಳೇ ಮನೆ?"

ಅತ್ತೆ ಕೋಲಿನಿಂದ ಕೊಟ್ಟಿಗೆಯ ಕಡೆ ತೋರಿಸಿದಳು. ಮುನ್ಯೋ ಆ ವಾರವೆಲ್ಲ ಕೊಟ್ಟಿಗೆಯಲ್ಲಿ ಮಲಗಿ, ಹಗಲೆಲ್ಲ ಒಂದು ಸುಣ್ಣಕಲ್ಲಿನ ಮೇಲೆ ಕೆತ್ತಿದ. ತಗ್ಗಾದ ಸೂರು, ಹೊಗೆಕಂಡಿ, ಮುಚ್ಚಿದ ಬಾಗಿಲು, ಬಾಗಿಲ ಅರ್ಧದವರೆಗೆ ಪೇರಿದ ಹಿಮ. ಕಲ್ಲನ್ನು ಕೂರಿಸಿದ ಮೇಲೆ ಅತ್ತೆ ಮಗಳ ತೋಳು ಹಿಡಿದು ಬೆಂಚಿನ ಮೇಲೆ ಹತ್ತಿ, ಮುಖ ಹತ್ತಿರ ತಂದು ನೋಡಿದಳು. ಕೆತ್ತಿದ ಬಾಗಿಲ ಮೇಲೆ ಬೆರಳಾಡಿಸಿದಳು.

"ಕೀಲು ಈ ಕಡೆ ಇರಲಿಲ್ಲ. ಆ ಕಡೆ."

"ತಿದ್ದಲಾ ಅತ್ತೆ?"

"ಬಿಡು. ಇನ್ನೇನು ಕೆಡಿಸ್ತೀಯೋ."

ಹೇಸರಗತ್ತೆಯ ಮೇಲೆ ಕೂರಿಸಿ ಅವಳನ್ನು ಪೆನ್ಯಾಸೇಕಕ್ಕೆ ಕರೆತಂದ. ಆಣೆ ಇಟ್ಟಿದ್ದ ಪೀಠದ ಎದುರೇ, ಅಷ್ಟೇ ಜನರ ನಡುವೆ, ಶಿಮೇನ ಅತ್ತೆ ನಿಂತಳು.

"ಆ ಚಳಿಗಾಲ ನನಗೆ ನೆನಪಿದೆ. ಕೆಂಪುಗಡ್ಡ ಒಲೆ ಮುಂದೆ ಕೂತ್ಕೊಂಡು ಕಡಲೆಕಾಳಿನ ಗಂಜಿ ತಿಂತಿದ್ದ. ನನ್ನ ತಮ್ಮ, ಇವನಪ್ಪ, ಪುಟ್ಟ ಪುಟ್ಟ ಹೆಜ್ಜೆ ಇಟ್ಕೊಂಡು ಹೋಗಿ ಅವನ ಗಡ್ಡ ಹಿಡಿದು ಎಳೆದ. ಗಂಜಿ ಎಲ್ಲ ಚೆಲ್ತು. ನಮ್ಮವ್ವ ತಮ್ಮನಿಗೆ ಬಾರಿಸಿದಳು. ಅಷ್ಟೇ ಆಗಿದ್ದು."

ದೋನ್ ಸೆಬ್ರಿಯಾನರು ಕೈಯನ್ನು ಕಿವಿಗೆ ಹಚ್ಚಿ ಕೇಳಿದರು: "ಅಂದ್ರೆ ಕೆಂಪುಗಡ್ಡ ಬರೋ ಮುಂಚೆನೇ ಇವನಪ್ಪ ಹುಟ್ಟಿದ್ದ?"

"ಹುಟ್ಟಿ, ನಡೀತಿದ್ದ."

"ಇದನ್ನ ಅವತ್ತೇ ಯಾಕೆ ಹೇಳಲಿಲ್ಲ ತಾಯಿ?"

"ನನ್ನನ್ನ ಯಾರು ಕೇಳಿದ್ರು?"

ಮುನ್ಯೋಗೆ ಆ ಸಣ್ಣ ವಿಷಯ ಗೊತ್ತಿರಲಿಲ್ಲ. ಅಜ್ಜಿ ನಿರಪರಾಧಿ ಎಂದು ಅವನು ನಂಬಿದ್ದ. ಆದರೆ ಕತೆಗೆ ಇಷ್ಟು ದೊಡ್ಡ ತೂತಿರುವುದು, ಅತ್ತೆಯ ಮನೆಯ ಬಾಗಿಲಿಗೆ ಹೋಗಿ ಒಂದು ಪ್ರಶ್ನೆ ಕೇಳಿದ್ದರೆ ತಾನು ಆಣೆಯನ್ನೇ ಇಡುತ್ತಿರಲಿಲ್ಲವೆಂಬುದು, ತಲೆ ನರೆತ ಮೇಲೆ ತಿಳಿಯಿತು.

ಸುಳ್ಳಾಣೆಗೆ ದಂಡವಾಗಿ ಇಗರ್ಜಿಯ ಹೊಸ ಗೋಡೆಗೆ ಕಲ್ಲು ಹೊರಬೇಕೆಂದು ಪಾದ್ರಿ ಹೇಳಿದರು. ಆ ಕೆಲಸ ಅವನು ಹೇಗೂ ಮಾಡುತ್ತಿದ್ದ. ಕೂಲಿ ನಿಂತದ್ದಷ್ಟೇ ವ್ಯತ್ಯಾಸ. ಮದುವೆ ಸುಗ್ಗಿ ಮುಗಿದ ಮೇಲಾಯಿತು. ಶಿಮೇನ ಅತ್ತೆ ಮುಂದೆ ಕೂತು ಎರಡು ಪಾಲು ಹಂದಿಮಾಂಸ ತಿಂದು, ಉಪ್ಪು ಕಡಿಮೆ ಎಂದಳು.

ಇಬ್ಬರಿಗೂ ವಯಸ್ಸಾಗಿತ್ತು. ಓರಿಯಾ ಹೇಳಿದ್ದಕ್ಕೆಲ್ಲ ಅವನು ಒಂದು ಹಾಸ್ಯ ಹೇಳುವನು; ಹತ್ತರಲ್ಲಿ ಒಂದಕ್ಕೆ ಅವಳು ನಗುವಳು; ಅಜ್ಜಿಯ ವಿಷಯ ಬಂದರೆ ಈಗ ಅವನು ನಗೆಯಾಡುತ್ತಿರಲಿಲ್ಲ. ರಾಜರ ಆ ಮುರಿದ ಮದುವೆಯಲ್ಲಿ ಹುಟ್ಟಿದ ಮಗನೇ ಮೊದಲು ತಾಯಿಯಿಂದ ಕಾಸ್ತಿಯಾ, ಆಮೇಲೆ ಅಪ್ಪ ಸತ್ತಾಗ ಲೆಯೋನ್ ಪಡೆದು ಎರಡಕ್ಕೂ ರಾಜನಾದ. ಕೋಟೆಯನ್ನು ಮತ್ತೆ ಕೆತ್ತೆಂದು ಅಪ್ಪಣೆ ಬಂದಾಗ ಮುನ್ಯೋನ ಕೈ ನಡುಗುತ್ತಿತ್ತು. ಬುರುಜುಗಳು ಸೊಟ್ಟಗಾದವು. "ಈಗ ಎರಡೂ ಸರಿಸಮ ಆಯ್ತು," ಎಂದ.

ಪೆನ್ಯಾಸೇಕದಲ್ಲಿ ಮದುವೆಯ ಮಾತು ಎದ್ದರೆ ಜನ ಅವನನ್ನು ಕೇಳಿ ಬರುವ ರೂಢಿ ಬೆಳೆದಿತ್ತು. ಒಂದು ಮಧ್ಯಾಹ್ನ ಕಮ್ಮಾರರ ಹುಡುಗನೂ ಬಡಗಿಯ ಮಗಳೂ ಒಲೆಯ ಬಳಿ ಬಂದು ನಿಂತರು. ಅವರಿಬ್ಬರಿಗೆ ಮೂರೋ ನಾಲ್ಕೋ ತಲೆ ಹಿಂದೆ ಏನೋ ನಂಟಿದೆಯಂತೆ.

"ಮುನ್ಯೋಜ್ಜ, ನಾವೇನು ಹೇಳಿದ್ರೆ ಆಗುತ್ತೆ?" ಎಂದ ಹುಡುಗ.

"ಏನೂ ಹೇಳಬೇಡಿ. ಮೊದಲು ನಿಮ್ಮ ಮನೇಲಿ ಮುದುಕಿಯರು ಯಾರು ಬದುಕಿದಾರೆ ನೋಡಿ, ಅವರ ಹತ್ರ ಕೂತು ಕೇಳಿ. ಪೂರ್ತಿ ಕೇಳಿ."

"ನಮ್ಮಜ್ಜಿ ಮಾತು ಶುರು ಮಾಡಿದ್ರೆ ನಿಲ್ಲಿಸಲ್ಲ," ಎಂದಳು ಹುಡುಗಿ.

"ಹಾಗಾದ್ರೆ ರೊಟ್ಟಿ ತಗೊಂಡು ಹೋಗು," ಎಂದು ಓರಿಯಾ ಒಲೆಯಿಂದ ಬಿಸಿ ರೊಟ್ಟಿಯೊಂದನ್ನು ಎಳೆದು, ಬೂದಿ ಕೊಡವಿ, ಅವಳ ಸೆರಗಿಗೆ ಹಾಕಿದಳು.